ಏರಿಗೆ ಹೊಲಿದ ಗಾಡಿ

11, ಮಂಗಳವಾರ

ಬೆಳಗಿನಿಂದ ಗುಂಡಿ ಹಾಕಿ ಹಾಕಿ ಬೆರಳು ಮರಗಟ್ಟಿತು. ಶಾಲೆಯ ಅಂಗಿಗಳು. ಎಲ್ಲ ಒಂದೇ ಬಣ್ಣ. ಅಳಿಯ ಹೊಲಿಗೆ ಮಿಷನ್ ಮುಟ್ಟಲಿಲ್ಲ. ಹಿತ್ತಿಲಲ್ಲಿ ಎಂಜಿನ್ ಮುಂದೆ ಕೂತಿದ್ದ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಮಣೆಯ ಮೇಲೆ, ಬಾಣಂತಿಯ ಹಾಗೆ ಒಂದು ಮಗ್ಗುಲಿಗೆ ಒರಗಿ. (ಎದುರಿಗೆ ಬಹುವಚನ, ಇಲ್ಲಿ ಏಕವಚನ. ಕಾಗದಕ್ಕೆ ಕಿವಿ ಇಲ್ಲ.)

ಎಂಜಿನ್ ಗುಜರಿಯಿಂದ ತಂದದ್ದು. ಯಾವುದೋ ನೀರೆತ್ತುವ ಪಂಪಿನದು. ಪೆಟ್ರೋಲ್ ಕುಡಿಯುತ್ತದೆ. ಹಗ್ಗ ಎಳೆದರೆ ಮೊದಲು ಕೆಮ್ಮುತ್ತದೆ, ಆಮೇಲೆ ಓಡುತ್ತದೆ. ಗಾಡಿಯ ಮೈ ಮಾತ್ರ ತಯಾರು — ಹಿಂದೆ ಎರಡು ಮೊಪೆಡ್ ಚಕ್ರ, ಮುಂದೆ ಒಂದು ಸೈಕಲ್ ಚಕ್ರ, ನಡುವೆ ನನ್ನ ಮಂಚದ ಪೈಪುಗಳು. ಹೌದು, ನನ್ನ ಮಂಚ. ನಾನೀಗ ನೆಲದ ಮೇಲೆ. ಕೇಳಿದ್ದಕ್ಕೆ, ನೆಲ ಬೆನ್ನಿಗೆ ಒಳ್ಳೆಯದು ಅತ್ತೆ ಅಂದ. ಅಷ್ಟು ಒಳ್ಳೆಯದಾದರೆ ತನ್ನ ಬೆನ್ನಿಗೆ ಹಾಸಿಕೊಳ್ಳಲಿ.

ಕೂಸು ಕಿಟಕಿ ಹತ್ತಿರ ಕೂತು ಅಂಗಿ ಮಡಿಸಿದಳು. ಇಪ್ಪತ್ತೆರಡು ತುಂಬಿದವಳನ್ನು ಕೂಸು ಅಂತೀಯಲ್ಲ ಅಂತ ದಿನಾ ಜಗಳ. ಏನು ಮಾಡಲಿ, ಇರುವವಳು ಒಬ್ಬಳೇ ಮೊಮ್ಮಗಳು. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ. ಬಾಯಿಗಿದೆ, ಅದು ನನ್ನ ಕಡೆಯಿಂದ ಹೋದದ್ದು. ಈ ಪುಸ್ತಕವೂ ಅವಳೇ ಕೊಟ್ಟದ್ದು. ಒಳಗಿರುವುದನ್ನು ಇದಕ್ಕೆ ಸುರಿ, ನಮ್ಮ ತಲೆ ಮೇಲೆ ಕಡಿಮೆ ಬೀಳುತ್ತದೆ ಅಂದಳು. ನಾನು ಕಲಿತದ್ದು ಹಳ್ಳಿ ಶಾಲೆಯ ನಾಲ್ಕು ಕ್ಲಾಸು. ಸುರಿಯಲು ಅಷ್ಟು ಸಾಕು.

12, ಬುಧವಾರ

ಕನ್ನಡಕದಂಗಡಿಯ ಯಜಮಾನರು ತಾವೇ ಇಳಿದು ಬಂದಿದ್ದರು. ಕೂಸು ಕೆಲಸ ಮಾಡುವುದು ಅವರಲ್ಲೇ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅಂಗಡಿ ನಮ್ಮ ಬೀದಿಯ ತುದಿಗೇ ಇದೆ, ಜೋರಾಗಿ ಕೂಗಿದರೆ ಕೇಳಿಸೀತು. ನಡುವೆ ಆ ಏರು. ಗೋಡೆಗೆ ಒರಗಿಸಿದ ಏಣಿಯ ಹಾಗಿದೆ. ಬಾಡಿಗೆ ಗಾಡಿಯವರು ಬುಡದಲ್ಲೇ ಕೈ ಆಡಿಸಿ ವಾಪಸು ಹೋಗುತ್ತಾರೆ.

ಇಷ್ಟು ವರ್ಷ ಅಳಿಯ ಅವಳನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿದ. ಹೋದ ತಿಂಗಳು ಅರ್ಧ ಏರಿನಲ್ಲಿ ಬೆನ್ನು ಕಟಕ್ ಅಂದಿತು. ಅವಳನ್ನು ಹೊತ್ತುಕೊಂಡೇ ಕುಸಿದ. ಬೀದಿಯವರು ಸೇರಿ ಅಪ್ಪ ಮಗಳನ್ನು ತರಕಾರಿ ಗಾಡಿಯಲ್ಲಿ ಕುಂಬಳಕಾಯಿಯ ಹಾಗೆ ಹೇರಿಕೊಂಡು ತಂದರು. ಯಾರೋ ಅವಳ ಕಾಲು ಹಿಡಿದರು, ಯಾರೋ ತೋಳು, ಯಾರೋ ಬಟ್ಟೆ ಸರಿಮಾಡಿದರು. ಒಳ್ಳೆಯ ಜನವೇ. ಆದರೆ ಅವತ್ತೇ ಕೂಸು ಹೇಳಿಬಿಟ್ಟಳು, ಇನ್ನು ನನ್ನನ್ನು ಹೊರಗಿನವರು ಮುಟ್ಟಕೂಡದು. ಹೊತ್ತರೆ ಅಪ್ಪ, ಇಲ್ಲದಿದ್ದರೆ ಚಕ್ರ. ಆ ಎರಡರಲ್ಲಿ ಅಪ್ಪನ ಹೆಸರನ್ನು ಡಾಕ್ಟರು ಹೊಡೆದುಹಾಕಿದರು. ತುಂಬಿದ ಬಕೆಟ್ಟೂ ಎತ್ತಬೇಡ, ಇನ್ನೊಂದು ಸಲ ಹೀಗಾದರೆ ನಿನ್ನ ಕಾಲೂ ಹೋಗುತ್ತವೆ ಅಂದರು. ಉಳಿದದ್ದು ಚಕ್ರ.

ಯಜಮಾನರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು. ಒಂದನೇ ತಾರೀಖು, ಸೋಮವಾರ. ಅವತ್ತು ಮೇಲಿದ್ದರೆ ಕುರ್ಚಿ ಅವಳದು. ಇಲ್ಲವಾದರೆ ಬೇರೆ ಹುಡುಗಿಯನ್ನು ಕೂರಿಸಲೇಬೇಕು. ಗಿರಾಕಿಗಳು ಕಣ್ಣು ಕಾಣದೆ ಕಾಯುತ್ತಿದ್ದಾರಂತೆ. ಗಾಜು ಉಜ್ಜುವ ಮಿಷನ್ನನ್ನೇ ಇಲ್ಲಿಗೆ ಇಳಿಸಿ ಅಂದೆ. ನೆಲಕ್ಕೆ ಕೂರಿಸಿದ್ದು, ಏಳುವುದಿಲ್ಲ ಅಂದರು. ಹಾಗಾದರೆ ದಿನಾ ನಾಲ್ಕು ಆಳು ಕಳಿಸುತ್ತೇನೆ, ಎತ್ತಿಕೊಂಡು ಬರಲಿ ಅಂದರು. ಕೂಸು ಒಳಗಿನಿಂದಲೇ ಉತ್ತರ ಕೊಟ್ಟಳು.

"ನಾನು ಮೂಟೆ ಅಲ್ಲ ಸಾರ್. ನಾನೇ ಬರ್ತೀನಿ."

ಅವರು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಆ ಕುರ್ಚಿ ಹೋದರೆ ಅವಳಿಗೆ ಉಳಿಯುವುದು ಈ ಕಿಟಕಿ. ಕಿಟಕಿಯಿಂದ ಕಾಣುವುದು ಎದುರಿನ ಗೋಡೆ.

15, ಶನಿವಾರ

ತೊಡಕೆಲ್ಲ ಇರುವುದು ಶಾಫ್ಟಿನಲ್ಲಿ. ಎಂಜಿನ್ನಿನ ಹೊಟ್ಟೆಯಿಂದ ಹೊರಗೆ ಚಾಚಿದ ಕಬ್ಬಿಣದ ದಿಂಡು. ತಿರುಗುವುದು ಅದೇ. ಅದಕ್ಕೆ ಪುಲ್ಲಿ, ಪುಲ್ಲಿಗೆ ಬೆಲ್ಟು, ಬೆಲ್ಟಿನಿಂದ ಹಿಂದಿನ ಚಕ್ರ. ಪುಲ್ಲಿ ಇದೆ, ಅಳಿಯನ ಹಳೆಯ ಹೊಲಿಗೆ ಮೋಟಾರಿನದು. ಅದರ ತೂತು ಚಿಕ್ಕದು, ಶಾಫ್ಟು ದಪ್ಪ. ದಪ್ಪ ಕೈಗೆ ಸಣ್ಣ ಬಳೆ.

ಕಬ್ಬಿಣ ಕಡೆಯುವ ಲೇತಿನವನ ಹತ್ತಿರ ಹೋಗಿದ್ದ. ಎಂಜಿನ್ ಪೂರ್ತಿ ಬಿಚ್ಚಿ ಶಾಫ್ಟೊಂದನ್ನೇ ತಾ ಅಂದನಂತೆ. ಅಳಿಯ ಹೆದರಿ ವಾಪಸು ಬಂದ. ಬಿಚ್ಚಿದ್ದನ್ನು ತಿರುಗಿ ಜೋಡಿಸಲು ಅವನಿಗೆ ಬರುವುದು ಬಟ್ಟೆ ಮಾತ್ರ. ಹಾಗಾಗಿ ಮನೆಯಲ್ಲೇ. ಎಂಜಿನ್ ಓಡಿಸುವುದು, ತಿರುಗುವ ಶಾಫ್ಟಿಗೆ ಕಬ್ಬಿಣ ಉಜ್ಜುವ ಅರ ಹಿಡಿಯುವುದು. ತಾನೇ ತಿರುಗಿ ತಾನೇ ಸವೆಯಲಿ ಅಂತ. ಯಾರೋ ಹಾಗೆ ಮಾಡಿದ್ದನ್ನು ಫೋನಿನಲ್ಲಿ ನೋಡಿದ್ದಾನೆ.

"ಅಳಿಯಂದ್ರೇ, ಫೋನಿನಲ್ಲಿ ಜನ ಚಂದ್ರನ ಮೇಲೂ ಹೋಗ್ತಾರೆ."

"ನಾನು ಈ ಏರಿನ ಮೇಲೆ ಹೋದ್ರೆ ಸಾಕು ಅತ್ತೆ."

ಎದುರು ಮಾತಾಡುವ ಗಂಡಲ್ಲ. ಇವತ್ತು ಆಡಿದ. ಬೆನ್ನು ಬಹಳ ನೋಯುತ್ತಿರಬೇಕು.

16, ಭಾನುವಾರ

ಇಡೀ ದಿನ ಕಿರ್ರ್ ಅನ್ನುವ ಸದ್ದು. ಉಳಿದಿರುವ ಹಲ್ಲೂ ಜುಮ್ಮೆಂದಿತು. ಎಂಜಿನ್ ಕೂರಿಸಿದ ಹಲಗೆ ಕುಣಿಯುತ್ತದೆ, ಹಾಗಾಗಿ ಅದರ ಮೇಲೆ ನಾನು ಕಾಲಿಟ್ಟು ನಿಲ್ಲಬೇಕು. ಹೊಗೆ ನೇರ ನನ್ನ ಮೂಗಿಗೆ. ಅಳಿಯ ಅರ ಹಿಡಿಯುತ್ತಾನೆ, ನಿಲ್ಲಿಸುತ್ತಾನೆ, ಶಾಫ್ಟಿಗೆ ದಾರ ಸುತ್ತಿ ಅಳೆಯುತ್ತಾನೆ. ಸೊಂಟದ ಅಳತೆ ತೆಗೆದ ಹಾಗೆ. ಕಿವಿಯ ಹಿಂದೆ ಸೀಮೆಸುಣ್ಣ ಬೇರೆ. ಎಲ್ಲಿಯವರೆಗೆ ತೆಗೆಯಬೇಕೋ ಅಲ್ಲಿಗೆ ಗುರುತು ಹಾಕುತ್ತಾನೆ, ಎಂಜಿನ್ ಓಡಿದ ಕೂಡಲೇ ಗುರುತು ಮಾಯ.

ಶಾಫ್ಟಿನ ಉದ್ದಕ್ಕೆ ಒಂದು ಕಾಲುವೆ ಇದೆ. ಅದರೊಳಗೆ ಒಂದು ಕಬ್ಬಿಣದ ತುಂಡು ಕೂತು ಪುಲ್ಲಿ ಜಾರದಂತೆ ಹಿಡಿಯುತ್ತದೆ. ಅದಕ್ಕೆ ಕೀ ಅನ್ನುತ್ತಾರೆ. ಬೀಗವಿಲ್ಲದ ಕೀ. ಆ ಕಾಲುವೆಯ ಅಂಚಿಗೆ ಅರ ಸಿಕ್ಕಿಕೊಂಡಾಗಲೆಲ್ಲ ಅಳಿಯನ ಕೈ ಜಗ್ಗುತ್ತದೆ, ಬೆನ್ನು ಹಿಡಿದುಕೊಂಡು ಹಲ್ಲು ಕಚ್ಚುತ್ತಾನೆ. ಒಂದು ಸಲ ಅರವೇ ಹಾರಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು. ಸಾಕು ನಾಳೆ ನೋಡೋಣ ಅಂದೆ. ಕೇಳಿಸಿದರೂ ಕೇಳಿಸದವನ ಹಾಗೆ ಮತ್ತೆ ಹಗ್ಗ ಎಳೆದ.

ಎದುರುಮನೆಯಾಕೆ ಬಂದು, ಇದೇನು ನಿಮ್ಮನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರಾ ಅಂದಳು. ಹೌದು, ನಿನ್ನ ಗಂಡನನ್ನು ಕಳಿಸು, ಸಣ್ಣಗೆ ಬೀಸಿ ಕೊಡುತ್ತೇವೆ ಅಂದೆ. ಹೋದಳು.

18, ಮಂಗಳವಾರ

ಶಾಫ್ಟು ಮುಗಿಯಿತು.

ಮಧ್ಯಾಹ್ನ ಪುಲ್ಲಿ ಹಾಕಿ ನೋಡಿದ. ಅರ್ಧಕ್ಕೆ ನಿಂತಿತು. ಸುತ್ತಿಗೆಯಲ್ಲಿ ನಾಲ್ಕು ಬಡಿದರೆ ಹೋಗುವಷ್ಟು ಬಿಗಿ. ನನ್ನ ಮುಖ ನೋಡಿದ. ಇನ್ನೊಂದೆಳೆ ತೆಗೆಯಲೇ ಅಂತ ಕೇಳಿದ. ತೆಗೆಯಿರಿ, ಅಷ್ಟು ಬಿಗಿಯಾದರೆ ಉಸಿರಾಡುವುದು ಹೇಗೆ ಅಂದೆ. ಈ ಮನೆಗೆ ಬಂದಾಗಿನಿಂದ ಕೇಳುತ್ತಿರುವುದು ಅದೇ ಮಾತು. ಮೈಗಂಟಿದ ಅಂಗಿಯನ್ನು ಗಿರಾಕಿ ಮುಖದ ಮೇಲೆ ಎಸೆದು ಹೋಗುತ್ತಾನೆ, ಒಂದು ಬೆರಳಷ್ಟು ಸಡಿಲ ಬಿಟ್ಟವನೇ ದರ್ಜಿ. ಮತ್ತೆ ಅರ ಹಿಡಿದ. ಈ ಸಲ ಪುಲ್ಲಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಒಳಗೆ ಹೋಗಿ ಕೂತಿತು. ಏನು ಸಲೀಸು. ಇಬ್ಬರೂ ಹಿಗ್ಗಿದೆವು. ಅಳಿಯ ಮಣೆಯಿಂದ ಏಳಲು ಕೈ ಚಾಚಿದ, ನಾನು ಎಳೆದೆ. ಎದ್ದ. ಪೂರ್ತಿ ನೆಟ್ಟಗಾಗಲಿಲ್ಲ.

24, ಸೋಮವಾರ

ಬರೆಯಲು ಕೈ ಬಿಡುವಾಗಲಿಲ್ಲ. ಶಾಫ್ಟು ಮುಗಿದ ಮರುದಿನವೇ ಅಳಿಯ ಹಾಸಿಗೆ ಹಿಡಿದ. ಬಗ್ಗಿ ಬಗ್ಗಿ ಅರ ಹಿಡಿದದ್ದಕ್ಕೆ ಬೆನ್ನು ಸೇಡು ತೀರಿಸಿಕೊಂಡಿತು. ಬಟ್ಟಲು, ಬಕೆಟ್ಟು, ಎಲ್ಲ ನಾನೇ. ಅತ್ತೆ ಅಳಿಯನಿಗೆ ಮಾಡುವ ಕೆಲಸವಲ್ಲ ಅದು. ಅವನು ಗೋಡೆ ನೋಡುತ್ತಾ ಮಲಗಿದ, ನಾನು ಸೂರು ನೋಡುತ್ತಾ ಮುಗಿಸಿದೆ. ಒಂದು ದಿನ ಅತ್ತ. ಸದ್ದಿಲ್ಲದೆ, ಭುಜ ಮಾತ್ರ ಅಲುಗಿತು. ನಾನು ಹೊರಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ.

ನನ್ನ ಮಗಳು ಇದ್ದಿದ್ದರೆ... ಅವಳು ಜ್ವರದಲ್ಲಿ ಹೋದ ಮೇಲೆ ಇವನೂ ನಾನೂ ಒಂದೇ ಮನೆಯಲ್ಲಿ ಇರುವುದು ಈ ಹುಡುಗಿಗೋಸ್ಕರ. ಇಲ್ಲವಾದರೆ ಯಾವತ್ತೋ ಅವನ ದಾರಿ ಅವನಿಗೆ, ನನ್ನ ದಾರಿ ನನಗೆ.

ಇವತ್ತು ಎದ್ದ. ಗಾಡಿಯ ಪರೀಕ್ಷೆ. ಮರಳಿನ ಚೀಲ ಕೂರಿಸೋಣ ಅಂದ. ಚೀಲಕ್ಕೆ ಬಾಯಿ ಇಲ್ಲ, ಏನಾಯಿತು ಅಂತ ಹೇಳುವವರು ಯಾರು, ನಾನೇ ಕೂರುತ್ತೇನೆ ಅಂದೆ.

ಸುಳ್ಳು ಯಾಕೆ ಬರೆಯಲಿ. ಸಮ ನೆಲದಲ್ಲಿ ಗಾಡಿ ಓಡಿದಾಗ ನಗು ತಡೆಯಲಾಗಲಿಲ್ಲ. ನನ್ನದೇ ಮಂಚದ ಮೇಲೆ ಕೂತು ಬೀದಿಯಲ್ಲಿ ಹೋಗುತ್ತಿದ್ದೇನೆ, ಸೆರಗು ಹಾರುತ್ತಿದೆ, ಬಾಯಿ ತೆರೆದೇ ಇದೆ. ಅಳಿಯ ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಓಡುತ್ತಿದ್ದಾನೆ. ಎದುರುಮನೆಯಾಕೆ, ಎಲ್ಲಿಗೆ ಸವಾರಿ ಅಂದಳು. ಗಂಡು ನೋಡೋಕೆ ಅಂದೆ.

ಏರಿನ ಬುಡದಲ್ಲಿ ನಗು ನಿಂತಿತು. ಎಂಜಿನ್ ಕಿರುಚಿತು, ಗಾಡಿ ಅಲ್ಲಾಡಲಿಲ್ಲ. ಶಾಫ್ಟು ಗಿರಗಿರ ತಿರುಗುತ್ತಿದೆ, ಪುಲ್ಲಿ ನಿಂತಲ್ಲೇ ನಿಂತಿದೆ. ಸುಟ್ಟ ವಾಸನೆ. ಆಮೇಲೆ ಟಣ್ ಅಂತ ಏನೋ ಹಾರಿ ನನ್ನ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿಯಿತು. ಕೀ. ಒಂದು ಬೆರಳು ಈಚೆ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರಿಬ್ಬರು ಗಾಡಿ ತಳ್ಳಿ ಮನೆ ಮುಟ್ಟಿಸಿದರು.

ಕೂಸು ನೆಲದಲ್ಲಿ ತೆವಳಿಕೊಂಡು ಬಾಗಿಲಿಗೆ ಬಂದು ಕೂತಿದ್ದಳು. ಎಲ್ಲ ನೋಡಿದ್ದಳು.

25, ಮಂಗಳವಾರ

ಬೆಳಗ್ಗೆ ಕೂಸು ಎಂಜಿನ್ನಿನ ಪಕ್ಕ ಕೂತು ಪುಲ್ಲಿ ಹಿಡಿದು ಅಲ್ಲಾಡಿಸಿದಳು. ಟಕ ಟಕ. ಇನ್ನೊಮ್ಮೆ ಅಲ್ಲಾಡಿಸಿದಳು. ಟಕ ಟಕ.

"ಅಪ್ಪಾ, ಇದಕ್ಕೆ ಸಡಿಲ ಬಿಟ್ಟಿದೀಯಾ?"

ಅಳಿಯ ತಲೆ ತಗ್ಗಿಸಿದ. "ಒಂದೆಳೆ. ಸಲೀಸಾಗಿ ಕೂರ್ಲಿ ಅಂತ..."

"ಇದೇನು ಅಂಗಿನಾ? ಫ್ರೇಮಿಗೆ ಗಾಜು ಕೂರಿಸೋವಾಗ ನಾನು ಸಲೀಸು ನೋಡಿದ್ರೆ ಗಾಜು ನೆಲದ ಮೇಲಿರುತ್ತೆ."

ನಾನೂ ಹೂಂ ಅಂದಿದ್ದೆ ಅಂತ ಹೇಳಿದೆ. ಅವನೊಬ್ಬನನ್ನೇ ಯಾಕೆ ಬಯ್ಯಿಸಲಿ. ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿತ್ತು. ನಕ್ಕಳು.

"ನಿಮ್ಮಿಬ್ರ ಕೈಗೆ ಸಿಕ್ಕಿ ಕಬ್ಬಿಣಾನೂ ಹಾಳಾಯ್ತು. ಸಾಕು ಬಿಡಿ. ಗಾಡಿನೂ ಬೇಡ, ಅಂಗಡಿನೂ ಬೇಡ."

ತೆಗೆದ ಕಬ್ಬಿಣವನ್ನು ಮತ್ತೆ ಹಚ್ಚಲು ಬರುವುದಿಲ್ಲ. ಬಟ್ಟೆಯಾದರೆ ಒಂದು ತೇಪೆ ಹಾಕಿ ಮುಗಿಸುತ್ತಿದ್ದೆವು. ತೇಪೆಯನ್ನೂ ಹಾಕಿ ನೋಡಿದ ಪುಣ್ಯಾತ್ಮ. ಡಬ್ಬಿಯ ತಗಡು ಕತ್ತರಿಸಿ ಶಾಫ್ಟಿಗೆ ಸುತ್ತಿ ಮೇಲೆ ಪುಲ್ಲಿ ಬಡಿದ. ಎಂಜಿನ್ ಓಡಿದ ಕೂಡಲೇ ತಗಡು ಹರಿದು ಹಿತ್ತಿಲ ತುಂಬ ಚೂರು. ಕೀ ಕೂರುವ ಕಾಲುವೆಯೂ ಅರದ ಬಾಯಿಗೆ ಸಿಕ್ಕಿ ಒಂದು ಗೀರಿನಷ್ಟು ಉಳಿದಿದೆ. ಬೇರೆ ಎಂಜಿನ್ನಿಲ್ಲ. ಬೇರೆ ಶಾಫ್ಟಿಲ್ಲ.

ಕೂಸು ಊಟ ಮುಟ್ಟಲಿಲ್ಲ. ಅಳಿಯನೂ ಇಲ್ಲ. ನಾನು ತಿಂದೆ. ಯಾರಾದರೂ ಒಬ್ಬರು ನಿಂತಿರಬೇಕಲ್ಲ.

26, ಬುಧವಾರ

ಯಾರಿಗೂ ಹೇಳದೆ ಏರು ಹತ್ತಿದೆ. ಯಜಮಾನರ ಕೈಕಾಲು ಹಿಡಿದು ಒಂದು ವಾರ ಹೆಚ್ಚಿಗೆ ಕೇಳೋಣ ಅಂತ. ಮಂಡಿ ಎರಡೂ ಬೆಂಕಿ. ಅರ್ಧಕ್ಕೆ ಬಂದಾಗ ಅಳಿಯ ಕುಸಿದ ಜಾಗ ಸಿಕ್ಕಿತು. ಅಲ್ಲೇ ಗೋಡೆ ಹಿಡಿದು ನಿಂತೆ. ಇವನು ದಿನಾ ಬೆಳಗ್ಗೆ ಇಲ್ಲಿ ಹೇಗೆ ಉಸಿರಾಡುತ್ತಿದ್ದನೋ, ಬೆನ್ನ ಮೇಲೆ ಅವಳನ್ನು ಹೊತ್ತುಕೊಂಡು. ಒಂದು ದಿನವೂ ಸುಸ್ತು ಅಂತ ಅಂದವನಲ್ಲ. ನಾನು ಒಂದು ದಿನವೂ ಕೇಳಿದವಳಲ್ಲ.

ಅಂಗಡಿಯ ಗಾಜಿನ ಬಾಗಿಲು. ಒಳಗೆ ಕೂಸಿನ ಕುರ್ಚಿ. ಕುರ್ಚಿಯಲ್ಲಿ ಒಬ್ಬಳು ಹುಡುಗಿ. ಕೂಸಿನದೇ ನೀಲಿ ಏಪ್ರನ್ ಹಾಕಿಕೊಂಡಿದ್ದಾಳೆ, ಅದರ ಜೇಬು ನಾನು ಹೊಲಿದದ್ದು. ಯಜಮಾನರು ಬಗ್ಗಿ ಅವಳಿಗೆ ಗಾಜು ಹಿಡಿಯುವುದನ್ನು ತೋರಿಸುತ್ತಿದ್ದರು. ನನ್ನನ್ನು ನೋಡಿ ಹೊರಗೆ ಬಂದರು. ಸುಮ್ಮನೆ ಕಲಿಯಲಿ ಅಂತ ಕೂರಿಸಿದ್ದು ಅಜ್ಜಿ, ಸೋಮವಾರದವರೆಗೆ ಮಾತು ಮಾತೇ ಅಂದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಒಂದು ವಾರದ ಮಾತು ಎತ್ತಲಿಲ್ಲ. ನಮ್ಮ ಹುಡುಗಿ ಬರುತ್ತಾಳೆ ಅಂದು ತಿರುಗಿದೆ.

ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಒಬ್ಬಳು ಪೂರ್ತಿ ಮಲಗುತ್ತಾಳೆ, ಒಬ್ಬ ಅವಳನ್ನು ಹೊರಲು ಪೂರ್ತಿ ಏಳುತ್ತಾನೆ. ಎರಡೂ ಬೇಡ.

28, ಶುಕ್ರವಾರ

ವೆಲ್ಡಿಂಗಿನವನನ್ನು ಕರೆತಂದೆ. ಕರೆತಂದೆ ಅಂದರೆ, ಅವನ ಅಂಗಡಿ ಬಾಗಿಲಲ್ಲಿ ಕಾಲು ಚಾಚಿ ಕೂತುಬಿಟ್ಟೆ. ಬಂದವರೆಲ್ಲ ನನ್ನನ್ನು ದಾಟಿಕೊಂಡೇ ಹೋಗಬೇಕು. ಬೆಳಗ್ಗೆ ಕೂತವಳು ಮಧ್ಯಾಹ್ನ ಎದ್ದದ್ದು ಅವನ ಜೊತೆಗೇ.

ಪುಲ್ಲಿಯನ್ನು ಶಾಫ್ಟಿಗೇ ಬೆಸೆದುಬಿಡು ಅಂದೆ. ಅಂಗಿ ಸಡಿಲವಾದರೆ ಮೈಗೇ ಸೇರಿಸಿ ಹೊಲಿಯಬೇಕು, ಬೇರೆ ದಾರಿ ಇಲ್ಲ. ಅವನು ತಟ್ಟಿ ನೋಡಿದ. ಪುಲ್ಲಿ ಎರಕದ ಬೀಡು ಕಬ್ಬಿಣದ್ದಾಗಿದ್ದರೆ ಕೈಯೇ ಹಾಕುತ್ತಿರಲಿಲ್ಲವಂತೆ, ಉಕ್ಕಾದ್ದರಿಂದ ಹಿಡಿಯುತ್ತದಂತೆ. ಆದರೆ ಶಾಫ್ಟು ಹೊರಗೆ ಬರುವ ಕಡೆ ಒಂದು ರಬ್ಬರ್ ಉಂಗುರವಿದೆ, ಎಂಜಿನ್ನಿನ ಎಣ್ಣೆಯನ್ನು ಒಳಗೇ ತಡೆಯುವುದು ಅದು. ಬಿಸಿಗೆ ಅದು ಕರಗಿದರೆ ಎಣ್ಣೆ ಸೋರಿ ಎಂಜಿನ್ನಿನ ಕಥೆ ಮುಗಿಯಿತು. ಒಮ್ಮೆ ಬೆಸೆದರೆ ಮತ್ತೆ ಬಿಚ್ಚುವ ಮಾತೂ ಇಲ್ಲ.

"ನಾನು ಗ್ಯಾರಂಟಿ ಕೊಡಲ್ಲಮ್ಮ."

"ಈ ಮನೇಲಿ ಯಾವುದಕ್ಕೂ ಗ್ಯಾರಂಟಿ ಇಲ್ಲ. ನೀನು ಮಾಡಪ್ಪ."

ಶಾಲೆ ಅಂಗಿಯ ಚೂರುಗಳನ್ನು ಒದ್ದೆಮಾಡಿ ಶಾಫ್ಟಿನ ಬುಡಕ್ಕೆ ಸುತ್ತಿದೆ. ಅವನು ಒಂದು ಚುಕ್ಕೆ ಬೆಸೆಯುವುದು, ನಿಲ್ಲುವುದು. ನಾನು ಹೊಸ ಒದ್ದೆ ಬಟ್ಟೆ ಸುತ್ತುವುದು. ಚುಸ್ ಅಂತ ಆವಿ. ಬೆಳಕು ನೋಡಬೇಡಿ, ಕಣ್ಣು ಹೋಗುತ್ತದೆ ಅಂದ. ಮುಖ ತಿರುಗಿಸಿಕೊಂಡು ಕೈ ಮಾತ್ರ ಚಾಚಿದೆ. ಎರಡು ಬೆರಳು ಸುಟ್ಟವು. ಕಾಜ ಹೊಲಿಯುವ ಬೆರಳುಗಳೇ. ಅಳಿಯ ಓಡಿ ಬಂದು ನೀರಿನಲ್ಲಿ ಅದ್ದಿಸಿ ಹಿಡಿದುಕೊಂಡ, ಬಿಡಲೇ ಇಲ್ಲ. ಸಾಕು ಬಿಡಿ, ನಾನೇನು ಹೊಸ ಮದುಮಗಳಲ್ಲ ಅಂದೆ. ಆಗ ಬಿಟ್ಟ.

ಪುಲ್ಲಿ ಸ್ವಲ್ಪ ಓರೆಯಾಗಿ ಕೂತಿದೆ. ತಿರುಗುವಾಗ ಕುಂಟುತ್ತದೆ. ಕುಂಟಲಿ. ಈ ಮನೆಯಲ್ಲಿ ನೆಟ್ಟಗೆ ಇರುವುದು ಯಾವುದಿದೆ.

29, ಶನಿವಾರ

ಎಂಜಿನ್ನಿನ ಕೆಳಗೆ ಕಪ್ಪು ಕಲೆ. ನಾಣ್ಯದಷ್ಟು. ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಉಂಗುರ ಕರಗಿದೆ. ಪೂರ್ತಿ ಅಲ್ಲ, ಒಂದು ಕಡೆ.

ಅಳಿಯ ಏರಿಗೆ ಒಮ್ಮೆ ಹತ್ತಿಸಿ ನೋಡಿಬಿಡೋಣ ಅಂದ. ಕೂಸು ಬೇಡ ಅಂದಳು. ಮೂರು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ಇರುವ ಎಣ್ಣೆಯಲ್ಲಿ ಒಂದು ಸಲ ಹತ್ತುತ್ತದೆಯೋ ಎರಡು ಸಲವೋ ಯಾರಿಗೆ ಗೊತ್ತು, ಇರುವ ಉಸಿರು ಸೋಮವಾರಕ್ಕೇ ಇರಲಿ ಅಂದಳು. ಸರಿ ಅನ್ನಿಸಿತು. ಮೂವರಿಗೂ.

30, ಭಾನುವಾರ

ಕೂಸು ಹಿತ್ತಿಲಲ್ಲಿ ಗಾಡಿಯ ಮೇಲೆ ಕೂತು ಎಂಜಿನ್ ಓಡಿಸದೆಯೇ ಅಭ್ಯಾಸ ಮಾಡಿದಳು. ಎಡಗೈಗೆ ಒಂದು ಹಿಡಿ, ಎಳೆದರೆ ಬೆಲ್ಟು ಬಿಗಿಯಾಗಿ ಗಾಡಿ ಹೊರಡುತ್ತದೆ, ಬಿಟ್ಟರೆ ಸಡಿಲ. ಬಲಗೈಗೆ ಪೆಟ್ರೋಲಿನ ಹಿಡಿ. ಮಧ್ಯಾಹ್ನ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಎಣ್ಣೆಯನ್ನೂ ಎಂಜಿನ್ನಿಗೆ ತುಂಬಿಸಿದೆವು. ಕೆಳಗೆ ಬಟ್ಟಲಿಟ್ಟೆ. ಟಪ್... ಟಪ್... ಯಾವ ಕೆಲಸ ಮಾಡುತ್ತಿದ್ದರೂ ಕಿವಿ ಅಲ್ಲೇ. ಅದರ ಎಣ್ಣೆ ಹೋದ ಹಾಗೆ ನನ್ನ ಮೈಯಿಂದ ಏನೋ ಹೋಗುತ್ತಿದೆ.

ಸಂಜೆ ತಲೆ ಬಾಚಿಕೊಡು ಅಂದಳು. ಎಷ್ಟು ಕಾಲವಾಗಿತ್ತೋ ಹಾಗೆ ಕೇಳಿ. ಸಿಕ್ಕು ಬಿಡಿಸುವಾಗ, ನಾಳೆ ಅರ್ಧದಲ್ಲಿ ನಿಂತುಬಿಟ್ಟರೆ ಏನು ಮಾಡಲಿ ಅಂತ ಕೇಳಿದಳು. ನಿಲ್ಲುವುದಿಲ್ಲ ಅಂದೆ. ನಿಂತರೆ ಅಂದಳು.  ಬಿಗಿಯಾಗಿ ಜಡೆ ಹಾಕಿದೆ.

1, ಸೋಮವಾರ. ಬೆಳಗ್ಗೆ ಏಳು

 ಅಕ್ಷರಗಳು ಸಾಲು ಬಿಟ್ಟು ಹೋಗುತ್ತಿವೆ. ಹಲಗೆ ಒರಗಿಸಿದೆವು, ಅವಳೇ ಕೈಯೂರಿ ಜರುಗಿ ಗಾಡಿ ಹತ್ತಿದಳು. ಯಾರೂ ಮುಟ್ಟಲಿಲ್ಲ. ಅಳಿಯ ಕೈಯಲ್ಲಿ ಒಂದು ಇಟ್ಟಿಗೆ ಹಿಡಿದಿದ್ದಾನೆ, ಗಾಡಿ ನಿಂತರೆ ಚಕ್ರದ ಹಿಂದೆ ಇಡಲು. ನಾನು ಬರಕೂಡದಂತೆ. ಅಪ್ಪಣೆ ಆಗಿದೆ. ಹಗ್ಗ ಎಳೆದ... ಕೆಮ್ಮಿತು. ಮತ್ತೆ ಎಳೆದ. ಹಿಡಿದುಕೊಂಡಿತು

ಅದೇ ದಿನ, ಹತ್ತು ಗಂಟೆ

ಹತ್ತಿತು.

ಅಳಿಯ ಬಂದು ಬಾಗಿಲಲ್ಲೇ ಕೂತುಬಿಟ್ಟ. ಇಟ್ಟಿಗೆ ಇನ್ನೂ ಕೈಯಲ್ಲೇ ಇತ್ತು, ನಾನು ಬೆರಳು ಬಿಡಿಸಿ ತೆಗೆದೆ. ಏರಿನ ನಡುವೆ ಎಂಜಿನ್ ಸೋಲುವ ಹಾಗಾಯಿತಂತೆ, ಇವನು ಇಟ್ಟಿಗೆ ಇಡಲು ಬಗ್ಗಿದನಂತೆ, ಅವಳು ಹಿಡಿಯನ್ನು ಇನ್ನೂ ಎಳೆದಳಂತೆ. ಹಿಂದೆ ತಿರುಗಿ ನೋಡಲೇ ಇಲ್ಲವಂತೆ. ಮೇಲೆ ಆ ಇನ್ನೊಬ್ಬ ಹುಡುಗಿ ಏಪ್ರನ್ ಬಿಚ್ಚಿ ಕೊಟ್ಟಳಂತೆ. ಯಜಮಾನರು ಕುರ್ಚಿ ಒರೆಸಿದರಂತೆ.

"ಅತ್ತೆ, ನನ್ನ ಮಗಳು ಎಷ್ಟು ಜೋರಾಗಿ ಓಡಿಸ್ತಾಳೆ ಗೊತ್ತಾ?"

ನನ್ನ ಮಗಳ ಮಗಳು ಅಂದೆ. ಅಳಲಿಕ್ಕೆ ಒಳಗೆ ಬಂದೆ. ಮುಗಿಯಿತು. ಗುಂಡಿ ಹಾಕಬೇಕು, ಶಾಲೆಯವರು ಮೂರು ಸಲ ಬಂದು ಹೋಗಿದ್ದಾರೆ.

ಮಧ್ಯಾಹ್ನ ಮೂರೂವರೆ

ವೆಲ್ಡಿಂಗಿನವನು ಬಂದಿದ್ದ. ತನ್ನ ಬೆಸುಗೆ ನಿಂತಿತೋ ಇಲ್ಲವೋ ಕೇಳಲು. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಡುತ್ತಾ ಕೇಳಿದ.

"ಇಳಿಯೋದು ಹೇಗಮ್ಮ?"

ಅಳಿಯ ನನ್ನ ಮುಖ ನೋಡಿದ. ನಾನು ಅಳಿಯನ ಮುಖ ನೋಡಿದೆ.

ಹೊತ್ತು ನಡೆಯುವವನಿಗೆ ಏರೇ ಕಷ್ಟ. ಸಂಜೆ ಇಳಿಯುವಾಗ ಅಳಿಯ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹರಟೆ ಹೊಡೆಯುತ್ತಾ ಬರುತ್ತಿದ್ದ. ಇಷ್ಟು ವರ್ಷ ಈ ಮನೆಯಲ್ಲಿ ಏರಿನ ಮಾತೇ ಮಾತು. ಹತ್ತಿದರೆ ಸಾಕು, ಹತ್ತಿದರೆ ಸಾಕು. ಬ್ರೇಕು ಇರುವುದು ಮುಂದಿನ ಆ ಸೈಕಲ್ ಚಕ್ರಕ್ಕೆ ಮಾತ್ರ. ಅಷ್ಟು ಭಾರ, ಅಂಥ ಇಳಿಜಾರು. ಹಿಡಿದರೆ ಮುಂದಿನದು ನಿಲ್ಲುತ್ತದೆ, ಹಿಂದಿನದು ಅವಳ ತಲೆ ಮೇಲಿಂದ ಬರುತ್ತದೆ ಅಂದ ವೆಲ್ಡಿಂಗಿನವನು. ಹಿಡಿಯದಿದ್ದರೆ ಬುಡದ ಗೋಡೆಯೇ. ಎಂಜಿನ್ ತಡೆಯುವುದಿಲ್ಲವೇ ಅಂದೆ. ಬೆಲ್ಟು ಜಾರುತ್ತದೆ, ನೆಚ್ಚಬೇಡಿ ಅಂದ. ಆರಕ್ಕೆ ಅಂಗಡಿ ಮುಚ್ಚಿ ತಾನೂ ಬರುತ್ತೇನೆ ಅಂತ ಹೇಳಿ ಹೋದ.

ಯಜಮಾನರ ಫೋನಿಗೆ ಮಾಡಿದೆವು. ಗಾಡಿ ಅಲ್ಲೇ ಇರಲಿ, ನಾಲ್ಕು ಜನರಿಂದ ಇಳಿಸಿಬಿಡಿ ಅಂತ ಹೇಳಲು ಬಾಯಿ ತೆರೆದಿದ್ದೆ. ಆ ಕಡೆಯಿಂದ ಕೂಸೇ ಮಾತಾಡಿದಳು. ಗಾಡಿ ನೋಡಲು ಬೀದಿಯೆಲ್ಲ ಬಂದಿದೆಯಂತೆ. ಒಬ್ಬಾತ ಹೊಸ ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಗಾಡಿಯನ್ನಂತೆ. ಉಸಿರು ಬಿಡದೆ ಹೇಳುತ್ತಿದ್ದಳು. ಈ ದನಿ ಎಲ್ಲಿ ಹೋಗಿತ್ತು ಇಷ್ಟು ದಿನ. ನಡುವೆ ಬಾಯಿ ಹಾಕಿ ಬ್ರೇಕಿನ ವಿಷಯ ಹೇಳಿದೆ.

ದನಿ ತಗ್ಗಿಸಿದಳು.

"ಗೊತ್ತು ಅಜ್ಜಿ. ಹತ್ತುವಾಗಲೇ ಗೊತ್ತಾಯ್ತು."

"ಹಾಗಾದ್ರೆ ಇವತ್ತೊಂದು ದಿನ ನಾಲ್ಕು ಜನ..."

"ಎತ್ತಿಸ್ಕೊಂಡು ಮಾತ್ರ ಬರಲ್ಲ."

ಇಟ್ಟುಬಿಟ್ಟಳು.

ಐದೂಕಾಲು

ಅಳಿಯ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿದ. ಎರಡು ಮಡಿಕೆ ಮಾಡಿದ. ಸಾಲದು ಅಂತ ಮತ್ತೆ ಮಡಿಸಿದ. ಗಾಡಿಯ ಹಿಂಭಾಗಕ್ಕೆ ಕಟ್ಟಿ, ತಾನು ಹಿಂದಿನಿಂದ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಇಳಿಸುತ್ತಾನಂತೆ. ಬಾಗಿಲಿಗೆ ಅಡ್ಡ ನಿಂತೆ. ಡಾಕ್ಟರು ಹೇಳಿದ್ದು ನೆನಪಿಸಿದೆ. ಬೈದೆ ಕೂಡ, ಬರೆಯಬಾರದ ಮಾತಿನಲ್ಲಿ.

"ಹೊರಬೇಡ ಅಂದಿದ್ದಾರೆ ಅತ್ತೆ. ಹಿಡ್ಕೋಬೇಡ ಅಂದಿಲ್ಲ."

ಪಕ್ಕಕ್ಕೆ ಸರಿದೆ. ಏನು ಮಾಡಲಿ. ಸೊಂಟದ ಪಟ್ಟಿಯನ್ನು ಇನ್ನೊಂದು ತೂತಿಗೆ ಬಿಗಿದು ಕೊಟ್ಟೆ. ಹೋದ. ಕಿಟಕಿಯಿಂದ ಅವನ ಬೆನ್ನೂ ಕಾಣುವುದಿಲ್ಲ, ಈ ದರಿದ್ರ ಗೋಡೆ.

ಕೈ ಸುಮ್ಮನಿರಲಿ ಅಂತ ಬರೆಯುತ್ತಿದ್ದೇನೆ. ಒಂದು ತುದಿಗೆ ಅವಳು, ಒಂದು ತುದಿಗೆ ಅವನು. ಕೈ ಬಿಟ್ಟರೆ ಅವಳು ಹೋಗುತ್ತಾಳೆ. ಬಿಡದಿದ್ದರೆ ಅವನ ಕಾಲು ಹೋಗುತ್ತವೆ. ಬಿಡುವ ಜಾತಿಯಲ್ಲ ಅವನು. ಯಾವ ದಿನ ಏನು ಬಿಟ್ಟಿದ್ದಾನೆ. ವೆಲ್ಡಿಂಗಿನವನು ಬರುವುದು ಆರಕ್ಕೆ. ಇನ್ನೂ ಹೊತ್ತಿದೆ. ಅವನು ಬರುವ ತನಕ ಇಳಿಸಬೇಡಿ ಅಂತ ಹೇಳಿ ಕಳಿಸಿದ್ದೇನೆ. ಯಾರು ಕೇಳುತ್ತಾರೆ ನನ್ನ ಮಾತು, ಅಪ್ಪನೂ ಅಷ್ಟೇ, ಮಗಳೂ

ಸದ್ದು. ಎಂಜಿನ್ನಿನದೇ. ಮೇಲಿಂದ. ಆರಾಗಿಲ್ಲ ಇನ್ನೂ, ಯಾಕಿಷ್ಟು ಬೇಗ... ಇಳಿಯುತ್ತಿದ್ದಾರೆ. ಅವನೊಬ್ಬನೇ ಹಗ್ಗ ಹಿಡಿದಿರುತ್ತಾನೆ. ನಾನೂ ಹೊರಟೆ. ಚಪ್ಪಲಿ ಜಾರುತ್ತದೆ, ಬರಿಗಾಲೇ ಸರಿ. ಸುಟ್ಟ ಬೆರಳಿಗೆ ಚಿಂದಿ ಸುತ್ತಿಕೊಂಡರೆ ಹಗ್ಗ ಹಿಡಿಯಬಹುದು, ನನ್ನದೂ ಎರಡು ಕೈ ಸೇರಿದರೆ